ಶಿರಸಿಯ ಈ ವಕೀಲರ ಸಂಪುಟದಲ್ಲಿ ಎಷ್ಟು ಜನ ಮುಖ್ಯಮಂತ್ರಿಗಳಿದ್ದರು, ಹೇಳಿ ನೋಡೋಣ!

ಒಂದು ಸಂಖ್ಯೆ ಊಹಿಸಿ. ಈಗಲೇ!

1980ರ ದಶಕದ ನಡುವಿನ ವಿಧಾನಸೌಧ. ಸಂಪುಟ ಸಭೆ ನಡೆಯುತ್ತಿದೆ. ಅಧ್ಯಕ್ಷತೆ ಮುಖ್ಯಮಂತ್ರಿಯದು, ಸರಿ. ಆದರೆ ಅವರ ಎಡಬಲಕ್ಕೆ ಕೂತು ಕಡತ ತಿರುವಿಹಾಕುತ್ತಿದ್ದ ಮಂತ್ರಿಗಳಿದ್ದರಲ್ಲ, ಅವರಲ್ಲಿ ಮುಂದೆ ಎಷ್ಟು ಜನ ತಾವೇ ಮುಖ್ಯಮಂತ್ರಿಗಳಾದರು?

ಒಬ್ಬರೇ? ಇಬ್ಬರೇ? ನಿಮ್ಮ ಊಹೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಉತ್ತರವನ್ನು ನಾನು ಈಗಲೇ ಬಿಟ್ಟುಕೊಡುವುದಿಲ್ಲ. ಅದಕ್ಕಿಂತ ಮೊದಲು ಈ ಮನುಷ್ಯ ಎಲ್ಲಿಂದ ಹೊರಟರು ಅಂತ ನೋಡಬೇಕು. ಅದೇ ಮೊದಲನೇ ಅಚ್ಚರಿ!

ಉತ್ತರ ಕನ್ನಡ ಜಿಲ್ಲೆ. ಘಟ್ಟದ ಮೇಲಿನ ಮೂರು ತಾಲೂಕು: ಶಿರಸಿ, ಸಿದ್ದಾಪುರ, ಯಲ್ಲಾಪುರ. ಎತ್ತ ನೋಡಿದರೂ ಕಾಡು. ಕಾಡಿನ ಕಣಿವೆಯಲ್ಲಿ ಅಡಿಕೆ ತೋಟ. ತೋಟದ ತಲೆಗೆ ಒಂದು ಮನೆ. ಮುಂದಿನ ಮನೆ ಬೇಕಾದರೆ ಇನ್ನೊಂದು ಗುಡ್ಡ ದಾಟಬೇಕು! ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ.

ಕೊಯ್ಲಿನ ದಿನಗಳಲ್ಲಿ ನೀವು ಅಲ್ಲಿಗೆ ಹೋಗಬೇಕು. ಕೊನೆಗೌಡ ಕಾಲಿಗೆ ತಳೆ ಸಿಕ್ಕಿಸಿ ಸರಸರ ಮರ ಹತ್ತುತ್ತಾನೆ. ತುದಿಯಲ್ಲಿ ಕೂತು ಕೊನೆ ಕೊಯ್ದು ಹಗ್ಗದಲ್ಲಿ ಜಾರಿಸುತ್ತಾನೆ. ಕೆಳಗಿರುವವನು ಅದನ್ನು ಗಾಳಿಯಲ್ಲೇ ಹಿಡಿಯುತ್ತಾನೆ. ಮೇಲಿನವನು ಇಳಿಯುತ್ತಾನೆಯೇ? ಇಲ್ಲ! ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ರಾತ್ರಿಯಾದರೆ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತವರು ಅಡಿಕೆ ಸುಲಿಯುತ್ತಿರುತ್ತಾರೆ. ಕೈಗಳ ವೇಗ ಕಣ್ಣಿಗೆ ಸಿಗುವುದಿಲ್ಲ.

ಇಂಥ ಸೀಮೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ 1926ರ ಆಗಸ್ಟ್ 29ರಂದು ಒಂದು ಮಗು ಹುಟ್ಟಿತು. ತಂದೆ ಮಹಾಬಲೇಶ್ವರ ಹೆಗಡೆ, ತಾಯಿ ಸರಸ್ವತಿ. ಮಗುವಿನ ಹೆಸರು ರಾಮಕೃಷ್ಣ.

ಹೌದು, ಅವರೇ! ರಾಮಕೃಷ್ಣ ಹೆಗಡೆ!

ಹೆಸರು ನಿಮಗೆ ಗೊತ್ತಿತ್ತು. ಕಥೆ ಗೊತ್ತಿದೆ ಅಂದುಕೊಂಡಿದ್ದೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದೊಂದೇ ತಾರೀಖು ಜೋಡಿಸುತ್ತಾ ಹೋದಂತೆ ನಿದ್ದೆ ಹಾರಿಹೋಯಿತು!

ಬಾಲ್ಯದಿಂದಲೇ ಶುರು ಮಾಡಿ. ಈ ಹುಡುಗನಿಗೆ ಐದಾರು ವರ್ಷ ಇರುವಾಗ ಸಿದ್ದಾಪುರ, ಶಿರಸಿ, ಅಂಕೋಲೆಗಳಲ್ಲಿ ಕರನಿರಾಕರಣೆ ಚಳವಳಿ. ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದ ರೈತರ ಜಮೀನು ಜಪ್ತಿ! ಜಪ್ತಿಯಾದ ಜಮೀನನ್ನು ಹರಾಜಿನಲ್ಲಿ ಹಿಡಿದವರ ಮನೆ ಮುಂದೆ ಹೆಣ್ಣುಮಕ್ಕಳು ಉಪವಾಸ ಕೂತರು. ಸಿದ್ದಾಪುರದಿಂದ ಜೋಗದ ಕಡೆ ಹೋಗುವಾಗ ಮಾವಿನಗುಂಡಿಯಲ್ಲಿ ಆ ಮಹಿಳೆಯರ ಸ್ಮಾರಕ ಇದೆ. ಜೋಗ ನೋಡುವ ಆತುರದಲ್ಲಿ ಎಷ್ಟು ಜನ ಅದನ್ನು ದಾಟಿಕೊಂಡು ಹೋಗಿದ್ದೇವೋ! ಒಮ್ಮೆ ಗಾಡಿ ನಿಲ್ಲಿಸಿ.

1942ರ ಆಗಸ್ಟ್. ಕ್ವಿಟ್ ಇಂಡಿಯಾ ಸಿಡಿದೆದ್ದ ದಿನ ಈ ಹುಡುಗನಿಗೆ ಹದಿನಾರು ತುಂಬಲು ಇನ್ನೂ ಮೂರು ವಾರ ಬಾಕಿ! ಅವನೂ ಆ ಹೋರಾಟಕ್ಕೆ ಇಳಿದ. ಜೈಲು ಕಂಡ.

ಈಗ ಹೇಳಿ, ಸಿದ್ದಾಪುರದ ಹಳ್ಳಿಯ ಹುಡುಗ ಓದಲು ಎಲ್ಲಿಗೆ ಹೋಗಿರಬಹುದು? ಧಾರವಾಡ? ಬೆಳಗಾವಿ? ಪುಣೆ?

ಕಾಶಿ! ಕಾಶಿ ವಿದ್ಯಾಪೀಠ! ಅಸಹಕಾರ ಚಳವಳಿಯ ಕಾವಿನಲ್ಲಿ 1921ರಲ್ಲಿ ಗಾಂಧೀಜಿ ಚಾಲನೆ ಕೊಟ್ಟ ರಾಷ್ಟ್ರೀಯ ವಿದ್ಯಾಸಂಸ್ಥೆ. ಲಾಲ್ ಬಹದ್ದೂರರಿಗೆ ‘ಶಾಸ್ತ್ರಿ’ ಪದವಿ ಸಿಕ್ಕಿದ್ದು ಅಲ್ಲೇ. ಅಲ್ಲಿಂದ ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು. ಅಡಿಕೆ ತೋಟದಿಂದ ಗಂಗೆಗೆ, ಗಂಗೆಯಿಂದ ಗೋಮತಿಗೆ! ಮುಂದೆ ದೆಹಲಿಯಲ್ಲಿ ಈ ಕನ್ನಡಿಗನಿಗೆ ಹಿಂದಿ ಕಷ್ಟವಾಗದೇ ಇದ್ದದ್ದಕ್ಕೆ ಕಾರಣ ಬೇರೆ ಹುಡುಕಬೇಕಿಲ್ಲ.

ಕರಿಕೋಟು ಹಾಕಿದ ಮೇಲೆ ಬಂದು ನಿಂತದ್ದು ಮಾತ್ರ ತಮ್ಮೂರ ಪೇಟೆಯಲ್ಲಿ. ಶಿರಸಿ!

ಆ ಕಾಲದ ಶಿರಸಿ ಕೋರ್ಟಿನ ಕಟ್ಟೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಈ ಸೀಮೆಯ ತಕರಾರುಗಳೇ ಬೇರೆ. ತೋಟದ ಹಿಸ್ಸೆ. ಗೇಣಿ. ಹಳ್ಳದ ನೀರಿನ ಪಾಳಿ. ಜತೆಗೆ ಬೇರೆ ಜಿಲ್ಲೆಯವರು ಕೇಳಿಯೇ ಇರದ ಒಂದು ಸಂಗತಿ, ಸೊಪ್ಪಿನಬೆಟ್ಟ! ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡಿನಲ್ಲಿ ಸೊಪ್ಪು, ದರಕು (ತರಗೆಲೆ) ತರುವ ಹಕ್ಕು. ಒಂದಕ್ಕೆ ಒಂಬತ್ತು! ಹಕ್ಕು ಎಂದ ಮೇಲೆ ವ್ಯಾಜ್ಯ ಬಾರದೆ ಇರುತ್ತದೆಯೇ? ಯಲ್ಲಾಪುರದ ಕಾಡಂಚಿನಿಂದ, ಸಿದ್ದಾಪುರದ ಮೂಲೆಯಿಂದ ಕಾಗದದ ಸುರುಳಿ ಕಂಕುಳಲ್ಲಿಟ್ಟುಕೊಂಡು ಬರುವ ಕಕ್ಷಿದಾರರು. ಇಂಥ ಜನರ ನಡುವೆ ಈ ತರುಣ ವಕೀಲರ ರಾಜಕೀಯ ಚಿಗುರಿತು.

ಇನ್ನೊಂದು ವಿಷಯ ಮರೆಯಬೇಡಿ. ಆಗ ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು! ಬೆಂಗಳೂರು ಇವರ ರಾಜಧಾನಿಯೇ ಆಗಿರಲಿಲ್ಲ.

1954. ಜಿಲ್ಲಾ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾದರು. ವಯಸ್ಸು ಮೂವತ್ತೂ ಇಲ್ಲ!

1956ರ ನವೆಂಬರ್ 1. ಏಕೀಕರಣ. ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಬೆಂಗಳೂರಿನಲ್ಲಿ ವಿಧಾನಸೌಧ ಎದ್ದು ನಿಂತ ವರ್ಷವೂ ಅದೇ. ಮರುವರ್ಷ, 1957ರಲ್ಲಿ, ಶಿರಸಿಯ ವಕೀಲರು ಶಾಸಕರಾಗಿ ಆ ಹೊಚ್ಚಹೊಸ ಕಟ್ಟಡದ ಮೆಟ್ಟಿಲು ಹತ್ತಿದರು. ವಯಸ್ಸು ಮೂವತ್ತು.

ನಿಜಲಿಂಗಪ್ಪನವರ ಸಂಪುಟ, ವೀರೇಂದ್ರ ಪಾಟೀಲರ ಸಂಪುಟ. ಸಹಕಾರ, ಕೈಗಾರಿಕೆ, ಯೋಜನೆ, ಅಬಕಾರಿ, ಹಣಕಾಸು... ಖಾತೆಗಳ ಮೆರವಣಿಗೆಯೇ! ಅದರ ವಿವರಕ್ಕೆ ಇಳಿಯುವುದಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ಹೆಗಡೆ ಇಂದಿರಾ ಗಾಂಧಿಯವರ ಎದುರು ಬಣದಲ್ಲಿ ಉಳಿದರು. ವಿರೋಧ ಪಕ್ಷದ ಸಾಲು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಜೈಲು! ಹದಿಹರೆಯದಲ್ಲಿ ಬ್ರಿಟಿಷರ ಜೈಲು, ಐವತ್ತರ ಹೊಸ್ತಿಲಲ್ಲಿ ಸ್ವತಂತ್ರ ಭಾರತದ ಜೈಲು! ಆಮೇಲೆ ಜನತಾ ಪಕ್ಷ, 1978ರಲ್ಲಿ ರಾಜ್ಯಸಭೆ.

ಈಗ ಉಸಿರು ಬಿಗಿಹಿಡಿಯಿರಿ. 1983ರ ಜನವರಿ ಬಂತು!

ಕರ್ನಾಟಕದಲ್ಲಿ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಒಬ್ಬರನ್ನೂ! ಚುನಾವಣೆ ಮುಗಿಯಿತು. ಒಟ್ಟು 224 ಸ್ಥಾನ. ಕಾಂಗ್ರೆಸ್ಸಿಗೆ 82. ಜನತಾ ಪಕ್ಷ ಮತ್ತು ಕ್ರಾಂತಿರಂಗದ ಕೂಟಕ್ಕೆ 95. ಬಹುಮತ ಯಾರಿಗೂ ಇಲ್ಲ! ಬಿಜೆಪಿಯ 18, ಎಡಪಕ್ಷಗಳು, ಪಕ್ಷೇತರರು ಹೊರಗಿನಿಂದ ಕೈಜೋಡಿಸಿದರು.

ಮುಖ್ಯಮಂತ್ರಿ ಯಾರು? ಬಂಗಾರಪ್ಪ ಇದ್ದರು. ಬೊಮ್ಮಾಯಿ ಇದ್ದರು. ದೇವೇಗೌಡರಿದ್ದರು. ಒಬ್ಬೊಬ್ಬರ ಹಿಂದೆಯೂ ಶಾಸಕರ ದಂಡು, ಸಮುದಾಯದ ಬಲ.

ಕುರ್ಚಿ ಸಿಕ್ಕಿದ್ದು ಆ ಚುನಾವಣೆಗೆ ನಿಲ್ಲದೇ ಇದ್ದವರಿಗೆ!

ಹೌದು, ಹೆಗಡೆ ಆಗ ಶಾಸಕರೇ ಅಲ್ಲ. ರಾಜ್ಯಸಭಾ ಸದಸ್ಯರು. ಜಾತಿಯ ಲೆಕ್ಕ ಹಾಕುವವರಿಗಂತೂ ಇದು ಒಗಟು. ಲಿಂಗಾಯತರಲ್ಲ, ಒಕ್ಕಲಿಗರಲ್ಲ. ಹವ್ಯಕರು. ಕರ್ನಾಟಕದ ಮತದಾರರ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು ಕ್ಷೇತ್ರ ಬಿಟ್ಟರೆ ಗುರುತೇ ಸಿಗದಷ್ಟು ಸಣ್ಣ ಸಮುದಾಯ! 1983ರ ಜನವರಿ 10ರಂದು ಪ್ರಮಾಣ ವಚನ. ಅದರ ಹಿಂದಿನ ದಿನವಷ್ಟೇ ಹೈದರಾಬಾದಿನಲ್ಲಿ ಎನ್.ಟಿ. ರಾಮರಾವ್ ಪ್ರಮಾಣ ಸ್ವೀಕರಿಸಿದ್ದರು. ಎರಡೇ ದಿನದಲ್ಲಿ ದಕ್ಷಿಣದ ಎರಡು ರಾಜ್ಯ ಕಾಂಗ್ರೆಸ್ಸಿನ ಕೈತಪ್ಪಿತ್ತು!

ಆರು ತಿಂಗಳೊಳಗೆ ಶಾಸಕರಾಗಬೇಕಲ್ಲ? ಪಿ.ಜಿ.ಆರ್. ಸಿಂಧ್ಯಾ ಕನಕಪುರ ಕ್ಷೇತ್ರ ಬಿಟ್ಟುಕೊಟ್ಟರು. ಮಲೆನಾಡಿನ ವಕೀಲರನ್ನು ರೇಷ್ಮೆ, ರಾಗಿಯ ಬಯಲುಸೀಮೆ ಗೆಲ್ಲಿಸಿತು!

ಮರುವರ್ಷದ ಒಂದು ಸಣ್ಣ ಪ್ರಸಂಗ ಹೇಳಿ ಮುಂದೆ ಹೋಗುತ್ತೇನೆ. 1984ರ ಆಗಸ್ಟ್‌ನಲ್ಲಿ ರಾಮರಾವ್ ಸರ್ಕಾರವನ್ನು ರಾಜ್ಯಪಾಲರು ವಜಾ ಮಾಡಿದರು. ತೆಲುಗು ದೇಶಂ ಶಾಸಕರನ್ನು ಕಾಪಾಡಿಕೊಳ್ಳಬೇಕಿತ್ತು. ಅವರೆಲ್ಲ ಎಲ್ಲಿಗೆ ಬಂದರು ಗೊತ್ತೇ? ಕರ್ನಾಟಕಕ್ಕೆ! ನಂದಿಬೆಟ್ಟದ ತಂಪಿಗೆ! ಸೆಪ್ಟೆಂಬರ್ 16ಕ್ಕೆ ರಾಮರಾವ್ ಮತ್ತೆ ಮುಖ್ಯಮಂತ್ರಿ.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದ ಘಟನೆ ಅದಲ್ಲ. ಅದು 1984ರ ಡಿಸೆಂಬರಿನದು.

ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಲೋಕಸಭಾ ಚುನಾವಣೆ. ದೇಶದಲ್ಲಿ ರಾಜೀವ್ ಗಾಂಧಿಯವರಿಗೆ 400ಕ್ಕೂ ಹೆಚ್ಚು ಸ್ಥಾನ. ಕರ್ನಾಟಕದ 28ರಲ್ಲಿ ಜನತಾ ಪಕ್ಷಕ್ಕೆ ಎಷ್ಟು? ಊಹಿಸಿ!

ನಾಲ್ಕು. ಬರೀ ನಾಲ್ಕು!

ಆದರೆ ಅದು ಲೋಕಸಭೆಯ ಸೋಲು. ರಾಜ್ಯ ಸರ್ಕಾರಕ್ಕೆ ಏನೂ ಆಗಿರಲಿಲ್ಲ. ಅವಧಿ ಇನ್ನೂ ಮೂರು ವರ್ಷ ಇತ್ತು. ಕಾನೂನು ಏನೂ ಕೇಳುತ್ತಿರಲಿಲ್ಲ. ಯಾರೂ ಒತ್ತಾಯಿಸುವಂತಿರಲಿಲ್ಲ.

ಹೆಗಡೆ ರಾಜೀನಾಮೆ ಕೊಟ್ಟರು!

ಜನ ನನ್ನ ಪಕ್ಷವನ್ನು ತಿರಸ್ಕರಿಸಿದ ಮೇಲೆ ಮತ್ತೆ ಅವರನ್ನೇ ಕೇಳಬೇಕು ಎಂಬುದು ಅವರ ನಿಲುವು. ವಿಧಾನಸಭೆ ವಿಸರ್ಜನೆಯಾಯಿತು. ಇಡೀ ದೇಶ ರಾಜೀವ್ ಅಲೆಯಲ್ಲಿ ತೇಲುತ್ತಿತ್ತು. ಆ ಅಲೆಗೆ ಎದುರಾಗಿ, ಮೂರೇ ತಿಂಗಳಲ್ಲಿ, ಮತ್ತೆ ಚುನಾವಣೆ! ಹುಚ್ಚು ಸಾಹಸ ಅಂತ ನೀವು ಹೇಳಬಹುದು. 1985ರ ಮಾರ್ಚ್‌ನಲ್ಲಿ ಮತ ಎಣಿಕೆ ಮುಗಿದಾಗ ಕಾಂಗ್ರೆಸ್ಸಿಗೆ 65. ಜನತಾ ಪಕ್ಷಕ್ಕೆ?

139!

ಡಿಸೆಂಬರಿನಲ್ಲಿ ನಾಲ್ಕು ಕೊಟ್ಟ ಅದೇ ಮತದಾರರು ಮಾರ್ಚ್‌ನಲ್ಲಿ ನೂರಮೂವತ್ತೊಂಬತ್ತು ಕೊಟ್ಟರು! ದೆಹಲಿಗೆ ಒಂದು ಪಕ್ಷ, ಬೆಂಗಳೂರಿಗೆ ಇನ್ನೊಂದು ಎಂದು ವಿಂಗಡಿಸಿ ಮತ ಹಾಕುವುದು ನಮ್ಮ ಜನಕ್ಕೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ದೇಶ ಕಣ್ಣರಳಿಸಿ ನೋಡಿದ್ದು ಅಂದು. ಹೆಗಡೆ ಈ ಬಾರಿ ಗೆದ್ದದ್ದು ಬೆಂಗಳೂರಿನ ಬಸವನಗುಡಿಯಿಂದ. ಸ್ವಂತ ಬಲದ ಬಹುಮತ. ಯಾರ ಊರುಗೋಲೂ ಬೇಡ.

ಬಹುಮತ ಬಂದ ಮೇಲೆ ಏನು ಮಾಡಿದರು? ನನ್ನ ಮಟ್ಟಿಗೆ ಈ ಕಥೆಯ ಹೃದಯ ಇಲ್ಲಿದೆ. ಅಧಿಕಾರವನ್ನು ಹಂಚಿದರು!

ಅಬ್ದುಲ್ ನಜೀರ್ ಸಾಬ್ ಹೆಸರು ಕೇಳಿದ್ದೀರಿ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಮಂತ್ರಿ. ಹೆಗಡೆ ಮತ್ತು ನಜೀರ್ ಸಾಬ್ ಜೋಡಿ ತಂದದ್ದು 1983ರ ಪಂಚಾಯತ್ ಕಾಯ್ದೆ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ! ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಒಳಗೆ ಏನಿತ್ತು ನೋಡಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ! ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ! ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆ ಎಂದರೆ ಕಲೆಕ್ಟರು. ಆ ಪೀಠದ ಪಕ್ಕದಲ್ಲಿ ಜನ ಆರಿಸಿದ ಮನುಷ್ಯನೊಬ್ಬ ಎದ್ದು ನಿಂತ.

ಮನುಷ್ಯ ಅಂದೆನೇ? ಹೆಣ್ಣುಮಗಳೂ! ಮಹಿಳೆಯರಿಗೆ ಶೇಕಡಾ 25 ಮೀಸಲು!

ಇದು ಯಾವ ಇಸವಿ ಎಂದು ಮತ್ತೊಮ್ಮೆ ನೋಡಿ. ದೇಶಕ್ಕೆಲ್ಲ ಪಂಚಾಯತ್ ರಾಜ್ ಕಡ್ಡಾಯ ಮಾಡಿ, ಮಹಿಳೆಯರಿಗೆ ಮೂರನೇ ಒಂದು ಭಾಗ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಆರು ವರ್ಷ ಮೊದಲೇ ಕರ್ನಾಟಕದ ಹಳ್ಳಿಗಳಲ್ಲಿ ಸಾವಿರ ಸಾವಿರ ಹೆಂಗಸರು ಮಂಡಲ ಪಂಚಾಯಿತಿಯ ಕುರ್ಚಿಯಲ್ಲಿ ಕೂತಾಗಿತ್ತು! ಹಿಂದಿನ ದಿನದವರೆಗೂ ಸಭೆ ನಡೆಯುವಾಗ ಒಳಗಿನಿಂದ ಕಾಫಿ ಕಳಿಸುತ್ತಿದ್ದವರು, ಅಂದು ಸಭೆಯ ನಡವಳಿ ಪುಸ್ತಕಕ್ಕೆ ಸಹಿ ಹಾಕಿದರು.

ಇನ್ನೊಂದು ಬೇಕೇ? ಲೋಕಾಯುಕ್ತ! 1984ರ ಕಾಯ್ದೆ, 1986ರಲ್ಲಿ ಜಾರಿ. ಮುಖ್ಯಮಂತ್ರಿಯ ಮೇಲೂ ದೂರು ಕೊಡಬಹುದು ಎಂದು ಬರೆದ ಕಾಯ್ದೆ. ಅದನ್ನು ತಂದವರು ಸ್ವತಃ ಮುಖ್ಯಮಂತ್ರಿ! ಕೋರ್ಟಿನ ಕಟ್ಟೆಯಲ್ಲಿ ಬೆಳೆದ ವಕೀಲರಿಗೆ ಮಾತ್ರ ಹೊಳೆಯಬಹುದಾದ ಯೋಚನೆ ಇದು ಎಂದು ನಾನು ನಂಬುತ್ತೇನೆ.

1985ರಲ್ಲಿ ಮೈಸೂರಿನಲ್ಲಿ ಮೊದಲ ವಿಶ್ವ ಕನ್ನಡ ಸಮ್ಮೇಳನ, ಉದ್ಘಾಟನೆಗೆ ಕುವೆಂಪು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ. ಕನ್ನಡ ಸಿನಿಮಾದಲ್ಲಿ ಬಣ್ಣ ಹಚ್ಚಿ ನಟಿಸಿದ ಮುಖಂಡರೂ ಇವರೇ! ಎಲ್ಲ ಹೇಳುತ್ತಾ ಕೂತರೆ ರಾತ್ರಿ ಬೆಳಗಾದೀತು.

ಕಪ್ಪು ಪುಟಗಳಿಲ್ಲವೇ? ಇವೆ, ಮುಚ್ಚಿಡುವುದಿಲ್ಲ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟ್ ಛೀಮಾರಿ ಹಾಕಿತು. ರಾಜೀನಾಮೆ ಕೊಟ್ಟರು, ಮೂರು ದಿನದಲ್ಲಿ ಹಿಂದಕ್ಕೆ ಪಡೆದರು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಹಗರಣ. ಈ ಸಲ ಕೊಟ್ಟ ರಾಜೀನಾಮೆ ವಾಪಸು ಬರಲಿಲ್ಲ. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತನ್ನು ಮನೆಮಾತು ಮಾಡಿದವರಿಗೆ ಅದೇ ಮಾತು ಅಳತೆಗೋಲಾಯಿತು. ಆ ಅಳತೆ ನ್ಯಾಯವಾದದ್ದೇ.

ಸರಿ, ಈಗ ನಿಮ್ಮ ಚೀಟಿ ತೆಗೆಯಿರಿ!

ಹೆಗಡೆಯವರ ಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿ: 1988ರಲ್ಲಿ ಮುಖ್ಯಮಂತ್ರಿ. ಒಂದು!

ಅವರ ಲೋಕೋಪಯೋಗಿ ಮತ್ತು ನೀರಾವರಿ ಮಂತ್ರಿ ಎಚ್.ಡಿ. ದೇವೇಗೌಡ: 1994ರಲ್ಲಿ ಮುಖ್ಯಮಂತ್ರಿ. ಎರಡು!

ಜೆ.ಎಚ್. ಪಟೇಲ್, 1967ರಲ್ಲಿ ಆರಿಸಿ ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ಹೆಸರಾದವರು: 1996ರಲ್ಲಿ ಮುಖ್ಯಮಂತ್ರಿ. ಮೂರು!

ಪಶುಸಂಗೋಪನೆ ಖಾತೆ ಹಿಡಿದ ಮೈಸೂರಿನ ತರುಣ ವಕೀಲ ಸಿದ್ದರಾಮಯ್ಯ: 2013ರಲ್ಲಿ, ಮತ್ತೆ 2023ರಲ್ಲಿ. ನಾಲ್ಕು!

ನಾಲ್ಕು ಜನ ಮುಖ್ಯಮಂತ್ರಿಗಳು! ನಿಲ್ಲಿ, ಲೆಕ್ಕ ಮುಗಿದಿಲ್ಲ. ಅವರಲ್ಲಿ ಒಬ್ಬರು, ದೇವೇಗೌಡರು, 1996ರ ಜೂನ್ 1ರಂದು ಭಾರತದ ಪ್ರಧಾನಮಂತ್ರಿ! ಹೆಗಡೆಯವರನ್ನೂ ಸೇರಿಸಿದರೆ ಒಂದೇ ಸಂಪುಟದ ಸುತ್ತ ಐದು ಮುಖ್ಯಮಂತ್ರಿಗಳು, ಒಬ್ಬ ಪ್ರಧಾನಿ! ನಿಮ್ಮ ಚೀಟಿಯಲ್ಲಿ ಇಷ್ಟು ಬರೆದಿದ್ದಿರಾ?

ಅದೇ 1996ರ ಜೂನ್‌ನಲ್ಲಿ ಇನ್ನೊಂದು ಘಟನೆಯೂ ನಡೆಯಿತು. ತಮ್ಮ ಹಳೆಯ ಮಂತ್ರಿ ಪ್ರಧಾನಿಯಾದ ತಿಂಗಳಲ್ಲೇ ಹೆಗಡೆ ತಮ್ಮ ಆಗಿನ ಪಕ್ಷವಾದ ಜನತಾದಳದಿಂದ ಉಚ್ಚಾಟಿತರಾದರು. ವಯಸ್ಸು ಎಪ್ಪತ್ತರ ಹತ್ತಿರ. ಮುಗಿಯಿತು ಅಂದುಕೊಂಡಿರಾ?

ಇಲ್ಲವೇ ಇಲ್ಲ! ಸೋಲು ಅವರಿಗೆ ಹೊಸತಲ್ಲ. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ಸೋತಿದ್ದರು. ಸೋಲಿಸಿದವರು ಯಾರು ಗೊತ್ತೇ? ಜಮಖಂಡಿಯ ಸಿದ್ದು ನ್ಯಾಮಗೌಡ! ಸರ್ಕಾರದ ದಾರಿ ಕಾಯದೆ ರೈತರನ್ನು ಕಟ್ಟಿಕೊಂಡು ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದ ಮನುಷ್ಯ. ಹಳ್ಳಿಗೆ ಅಧಿಕಾರ ಕೊಟ್ಟವರನ್ನು ಹಳ್ಳಿಯ ಶ್ರಮದಿಂದ ಮೇಲೆದ್ದವರೊಬ್ಬರು ಸೋಲಿಸಿದರು!

ಅದಕ್ಕೂ ಮೊದಲು, 1989ರ ಕೊನೆಗೆ ವಿ.ಪಿ. ಸಿಂಗ್ ಸರ್ಕಾರ ಬಂದಾಗ, ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದರು. ಉಚ್ಚಾಟನೆಯ ನಂತರ 1997ರಲ್ಲಿ ‘ಲೋಕಶಕ್ತಿ’ ಎಂಬ ಪಕ್ಷ ಕಟ್ಟಿದರು. 1998ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಜತೆ ಮೈತ್ರಿ. ಬಿಜೆಪಿಗೆ 13, ಲೋಕಶಕ್ತಿಗೆ 3. ರಾಜ್ಯದ 28ರಲ್ಲಿ 16! ಆ ಮೈತ್ರಿ ಸರಿಯೋ ತಪ್ಪೋ ಎಂದು ಜನ ಇಂದಿಗೂ ವಾದಿಸುತ್ತಾರೆ. ಕರ್ನಾಟಕದ ಆಮೇಲಿನ ರಾಜಕೀಯವನ್ನು ಅದು ತಿರುಗಿಸಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ವಾಜಪೇಯಿ ಸಂಪುಟದಲ್ಲಿ ಹೆಗಡೆಯವರಿಗೆ ಸಿಕ್ಕ ಖಾತೆ ಯಾವುದು? ವಾಣಿಜ್ಯ! 1923ರಲ್ಲೇ ಬೆಳೆಗಾರರೆಲ್ಲ ಸೇರಿ ಟಿಎಸ್ಎಸ್ ಎಂಬ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡ ಪೇಟೆ ಶಿರಸಿ. ಅಡಿಕೆ ದರದ ಏರಿಳಿತವೇ ನಾಡಿಮಿಡಿತವಾಗಿರುವ ಆ ಊರಿನ ವಕೀಲರು ಈಗ ಇಡೀ ದೇಶದ ಆಮದು, ರಫ್ತಿನ ಮಂತ್ರಿ!

ಇನ್ನೊಂದೇ ಒಂದು ಸಂಖ್ಯೆ ಉಳಿಸಿಕೊಂಡಿದ್ದೇನೆ.

ಹಣಕಾಸು ಮಂತ್ರಿಯಾಗಿ, ಮುಖ್ಯಮಂತ್ರಿಯಾಗಿ ಹೆಗಡೆ ಎಷ್ಟು ಬಜೆಟ್ ಮಂಡಿಸಿದರು? ಹದಿಮೂರು! ಕರ್ನಾಟಕದ ದಾಖಲೆ. ದಶಕಗಳ ಕಾಲ ಯಾರೂ ಅದನ್ನು ಮುರಿಯಲಿಲ್ಲ. 2023ರ ಜುಲೈ 7ರಂದು ವಿಧಾನಸಭೆಯಲ್ಲಿ ಹದಿನಾಲ್ಕನೇ ಬಜೆಟ್ ಮಂಡಿಸಿ ಅದನ್ನು ಮುರಿದವರು ಯಾರು?

ಸಿದ್ದರಾಮಯ್ಯ! 1983ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಿಂದ ಮೊದಲ ಸಲ ಗೆದ್ದು ಬಂದಾಗ ಕನ್ನಡ ಕಾವಲು ಸಮಿತಿಗೆ ಮೊದಲ ಅಧ್ಯಕ್ಷರನ್ನಾಗಿ ಅವರನ್ನು ನೇಮಿಸಿದ್ದು ಹೆಗಡೆ ಸರ್ಕಾರ. ತಾವೇ ಗುರುತಿಸಿದ ಹುಡುಗ ನಲವತ್ತು ವರ್ಷದ ನಂತರ ತಮ್ಮ ದಾಖಲೆ ಮುರಿದ!

ಅದನ್ನು ನೋಡಲು ಹೆಗಡೆ ಇರಲಿಲ್ಲ. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ಮೊದಲ ಸಲ ಮುಖ್ಯಮಂತ್ರಿಯಾಗಿ ಇಪ್ಪತ್ತೊಂದು ವರ್ಷ ತುಂಬಿ ಎರಡು ದಿನವಾಗಿತ್ತು.

2026ರ ಆಗಸ್ಟ್ 29ಕ್ಕೆ ಅವರು ಹುಟ್ಟಿ ನೂರು ವರ್ಷ. ಆ ನೆಪದಲ್ಲಿ ನಿಮಗೊಂದು ಕೆಲಸ ಹೇಳುತ್ತೇನೆ, ದಯವಿಟ್ಟು ಮಾಡಿ. ನಿಮ್ಮ ಊರಿನಲ್ಲಿ 1987ರ ಮಂಡಲ ಪಂಚಾಯಿತಿಗೆ ಆರಿಸಿ ಬಂದಿದ್ದ ಹೆಂಗಸರು ಯಾರು ಎಂದು ವಿಚಾರಿಸಿ. ಅಂದು ಮೂವತ್ತರ ಪ್ರಾಯದವರಿಗೆ ಈಗ ಎಪ್ಪತ್ತು ಸಮೀಪಿಸಿರುತ್ತದೆ. ಮೊದಲ ಸಭೆಗೆ ಹೋದ ದಿನ ಏನಾಯಿತು, ಯಾರು ಏನೆಂದರು, ಮೊದಲ ಠರಾವು ಯಾವುದಕ್ಕೆ ಮಾಡಿದರು, ಎಲ್ಲ ಕೇಳಿ. ಕೇಳಿದ್ದನ್ನು ತಪ್ಪದೆ ಬರೆದಿಡಿ. ಅವರು ಇನ್ನೂ ನಮ್ಮ ನಡುವೆ ಇದ್ದಾರೆ, ಈ ವರ್ಷವೇ ಹೋಗಿ!